ಸಿಪ್ಪೆ ಸೂಪಿನ ಪರೀಕ್ಷೆ

ಬಿಸ್ಕತ್ತು ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ದುಡಿದ ಒಬ್ಬ ಮಹನೀಯರ ಕಥೆ ಇದು. ಪರೀಕ್ಷಾ ವಿಭಾಗ ಎಂದೊಡನೆ ಭೂತಗನ್ನಡಿ, ಗಾಜಿನ ಕೊಳವೆ, ಕೆದರಿದ ತಲೆ ಎಂದೆಲ್ಲ ಕಲ್ಪಿಸಿಕೊಂಡು ಯಾರೂ ಎದ್ದು ನಿಲ್ಲಬೇಕಾಗಿಲ್ಲ. ಅವರ ಕೆಲಸ ಬಟ್ಟಲು ಇಡುವುದು. ಬೆಳಿಗ್ಗೆ ಒಂಬತ್ತಕ್ಕೆ ಬಿಳಿ ಕೋಟು ಹಾಕಿಕೊಂಡು ಬಟ್ಟಲು ಇಡುತ್ತಿದ್ದರು, ಸಂಜೆ ಐದಕ್ಕೆ ಬಟ್ಟಲು ಎತ್ತಿ ಕೋಟು ಬಿಚ್ಚುತ್ತಿದ್ದರು.

ಬಟ್ಟಲು ಇಡುವುದಕ್ಕೂ ಒಂದು ಶಾಸ್ತ್ರವಿದೆ ಅನ್ನಿ. ಕಾರ್ಖಾನೆಯ ಯಜಮಾನರಿಗೆ ಬಿಸ್ಕತ್ತಿನಲ್ಲಿ ಬೆಣ್ಣೆ ಇಳಿಸಿ ಅಗ್ಗದ ಎಣ್ಣೆ ಏರಿಸಬೇಕು ಎನ್ನಿಸುತ್ತದೆ. ಅವರಿಗೆ ವಾರಕ್ಕೆರಡು ಸಲ ಹಾಗೆನ್ನಿಸುತ್ತಿತ್ತು. ಆಗ ರುಚಿ ನೋಡುವವರ ಮುಂದೆ ಮೂರು ಬಟ್ಟಲು ಇಡಬೇಕು. ಎರಡರಲ್ಲಿ ಹಳೆಯ ಬಿಸ್ಕತ್ತು, ಒಂದರಲ್ಲಿ ಹೊಸದು. ಯಾವ ಬಟ್ಟಲು ಬೇರೆ ಎಂದು ಅವರು ಹೇಳಬೇಕು. ಹೇಳಿಬಿಟ್ಟರೆ ಹೊಸದು ಫೇಲು, ಪ್ರಮಾಣ ಬದಲಿಸಿ ಮತ್ತೆ ಪರೀಕ್ಷೆ. ಹೇಳಲಾಗದೆ ಒಬ್ಬೊಬ್ಬರು ಒಂದೊಂದು ಬಟ್ಟಲು ತೋರಿಸಿದರೆ ಹೊಸದು ಪಾಸು. ಇಷ್ಟರ ಮೇಲೆ ಇನ್ನೊಂದು ನಿಯಮ: ಮಾದರಿ ತಯಾರಿಸಿದವನು ಅದರ ರುಚಿ ನೋಡಕೂಡದು, ಏಕೆಂದರೆ ಹೆತ್ತವರಿಗೆ ಹೆಗ್ಗಣ ಮುದ್ದು.

ಹೀಗೆ ನಿಶ್ಚಿಂತೆಯಾಗಿ ಬಟ್ಟಲು ಇಟ್ಟುಕೊಂಡಿದ್ದ ಪರೀಕ್ಷಕರ ನೆಮ್ಮದಿ ಕೆಟ್ಟದ್ದು ಮಗಳ ಕಾಲೇಜಿನ ಅರ್ಜಿಯಿಂದ. ಸಹಿ ಹಾಕಲು ಕೈಗೆತ್ತಿಕೊಂಡವರು ‘ತಂದೆಯ ಉದ್ಯೋಗ’ ಎಂಬಲ್ಲಿ ನಿಂತುಬಿಟ್ಟರು. ಅಲ್ಲಿ ದುಂಡಗಿನ ಅಕ್ಷರದಲ್ಲಿ ‘ಬಟ್ಟಲು ಇಡುವುದು’ ಎಂದು ಬರೆದಿತ್ತು.

“ಏನಮ್ಮಾ ಇದು?”

“ಅಜ್ಜಿನ ಕೇಳಿ ಬರೆದೆ ಅಪ್ಪಾ.”

ಅಜ್ಜಿ, ಎಂದರೆ ಪರೀಕ್ಷಕರ ತಾಯಿ, ಕುರ್ಚಿಯಿಂದಲೇ ಸಮಜಾಯಿಷಿ ಕೊಟ್ಟರು. “ಸುಳ್ಳೇನಿದೆ ಅದ್ರಲ್ಲಿ? ಇಡ್ತಾನೆ, ಎತ್ತುತಾನೆ. ಎರಡೂ ಬರಿಯೇ ಅಂದೆ, ಇವಳು ಒಂದೇ ಬರೆದಿದ್ದಾಳೆ.”

ಪರೀಕ್ಷಕರ ಮುಖ ಹುಳ್ಳಗಾಯಿತು. ಸಿಟ್ಟು ತೀರಿಸಿಕೊಳ್ಳಲು ಏನಾದರೂ ಸಿಗುವುದೇ ಎಂದು ಅಡುಗೆಮನೆಗೆ ನುಗ್ಗಿದರು. ಅಲ್ಲಿ ಹೆಂಡತಿ ಆಲೂಗಡ್ಡೆ ಹೆರೆದು ಸಿಪ್ಪೆಯನ್ನು ಕಸದ ಬುಟ್ಟಿಗೆ ಹಾಕುತ್ತಿದ್ದಳು. ಪರೀಕ್ಷಕರು ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿಹಿಡಿದರು.

“ಈ ಮನೇಲಿ ಆಹಾರ ಕಸಕ್ಕೆ ಹೋಗ್ತಾ ಇದೆ!”

“ಅದು ಕಸಾನೇ ರೀ.”

“ಕಸ ಅನ್ನೋದು ನಿನ್ನ ಅಭಿಪ್ರಾಯ. ಪರೀಕ್ಷೆ ಮಾಡದೆ ಹಾಗೆ ಹೇಳೋ ಹಾಗಿಲ್ಲ.”

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಆ ಹೆಂಗಸು ಇಪ್ಪತ್ತೆರಡು ವರ್ಷದಿಂದ ಹೂಕೋಸಿನ ದಂಟಿನ ನಾರು ತೆಗೆದು ಸಣ್ಣಗೆ ಹೆಚ್ಚಿ ಸೂಪಿಗೆ ಹಾಕುತ್ತಿದ್ದಳು. ಕಾಳು ಬೆಂದ ನೀರನ್ನು ಚೆಲ್ಲಿದವಳಲ್ಲ. ಉಳಿದ ಬ್ರೆಡ್ಡನ್ನು ಒಣಗಿಸಿ ಪುಡಿಮಾಡಿ ಸೂಪು ಮಂದವಾಗಲು ಬೆರೆಸುತ್ತಿದ್ದಳು. ಅತ್ತೆಗೆ ಅಗಿಯಲು ಕಷ್ಟವೆಂದು ಒಂದು ಬಗೆ, ಮಗಳಿಗೆ ಈರುಳ್ಳಿ ಸೇರುವುದಿಲ್ಲವೆಂದು ಇನ್ನೊಂದು ಬಗೆ, ಎಲ್ಲವನ್ನೂ ತಿದ್ದಿ ತೀಡಿ ಹದಕ್ಕೆ ತಂದಿದ್ದಳು. ತಿನ್ನುವವರಿಗೆ ಏನೂ ಗೊತ್ತಾಗಿರಲಿಲ್ಲ. ಬಿಳಿ ಕೋಟು, ಚೀಟಿ, ಸಹಿ ಯಾವುದೂ ಇಲ್ಲದ್ದರಿಂದ ಅದನ್ನು ಯಾರೂ ಶಾಸ್ತ್ರ ಎಂದು ಕರೆದಿರಲಿಲ್ಲ. ಬುಟ್ಟಿಗೆ ಬೀಳುತ್ತಿದ್ದುದು ಅಂಥವಳಿಗೂ ಕೈಲಾಗದ ಪದಾರ್ಥ. ಪರೀಕ್ಷಕರು ಎತ್ತಿಹಿಡಿದದ್ದು ಅದನ್ನು.

ಮರುದಿನ ಸಂಜೆ ಸಂಶೋಧನೆ ಶುರುವಾಯಿತು. ಆಲೂಗಡ್ಡೆ ಸಿಪ್ಪೆ, ಬಟಾಣಿಯ ಹೊರಸಿಪ್ಪೆ, ಕುಂಬಳಕಾಯಿಯ ಒಳಗಿನ ನಾರು, ಈರುಳ್ಳಿಯ ಬೇರಿನ ಕಡೆಯ ತುದಿ. ಮಂದವಾಗಲು ಕಾರ್ಖಾನೆಯಿಂದ ತಂದ ಮುರುಕು ಬಿಸ್ಕತ್ತಿನ ಪುಡಿ. ಬಣ್ಣ ಬರಲು ಒಮ್ಮೆ ಕುದಿಸಿ ಬಿಟ್ಟ ಚಹಾಪುಡಿ. ಇದೆಲ್ಲ ಒಂದು ಪಾತ್ರೆಯಲ್ಲಿ ಕೊತಕೊತ ಕುದಿಯಿತು. ನಿಯಮದ ಪ್ರಕಾರ ಪರೀಕ್ಷಕರು ಒಂದು ಹನಿಯನ್ನೂ ನಾಲಿಗೆಗೆ ತಾಗಿಸಲಿಲ್ಲ. ಆ ನಿಯಮ ಮಾಡಿದ ಪುಣ್ಯಾತ್ಮ ಯಾರೋ, ಅವನಿಗೆ ಪರೀಕ್ಷಕರು ಜನ್ಮವಿಡೀ ಋಣಿಯಾಗಿರಬೇಕಿತ್ತು.

ಊಟದ ಮೇಜಿನ ಮೇಲೆ ಹಗ್ಗ ಕಟ್ಟಿ ಹಳೆಯ ಹಾಸಿಗೆ ಹೊದಿಕೆಗಳನ್ನು ಇಳಿಬಿಟ್ಟು ಮೂರು ಗೂಡು ಮಾಡಿದರು. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣಬಾರದು. ಒಂದೊಂದು ಗೂಡಿನಲ್ಲಿ ಒಬ್ಬೊಬ್ಬರು: ತಾಯಿ, ಹೆಂಡತಿ, ಮಗಳು. ಒಬ್ಬೊಬ್ಬರ ಮುಂದೆ ಮೂರು ಬಟ್ಟಲು, ಬಾಯಿ ಮುಕ್ಕಳಿಸಲು ನೀರು, ಒಂದು ಚೀಟಿ, ಒಂದು ಪೆನ್ಸಿಲ್. ಎರಡು ಬಟ್ಟಲಲ್ಲಿ ಹೆಂಡತಿ ಮಾಡಿದ ಎಂದಿನ ಸೂಪು, ಒಂದರಲ್ಲಿ ಸಿಪ್ಪೆ ಸೂಪು.

“ಮಾತಾಡಬಾರದು. ಬೇರೆ ಇರೋ ಬಟ್ಟಲಿನ ನಂಬರ್ ಬರೆದು ಸಹಿ ಹಾಕಿ.”

ಮೊದಲ ಗೂಡಿನಿಂದ ಥೂ ಎಂಬ ಸದ್ದು ಬಂತು. “ನಂಬರ್ ಯಾಕೋ? ಎರಡನೇದು ನನ್ನ ಹೊದಿಕೆ ಮೇಲಿದೆ ನೋಡ್ಕೋ.”

ಮೂವರೂ ಬೇರೆ ಬಟ್ಟಲನ್ನು ಕಣ್ಣು ಮುಚ್ಚಿ ಕಂಡುಹಿಡಿದರು. ಮಗಳು ಚೀಟಿಯಲ್ಲಿ ನಂಬರಿನ ಪಕ್ಕ ಒಂದು ತಲೆಬುರುಡೆಯ ಚಿತ್ರವನ್ನೂ ಬರೆದಿದ್ದಳು. ಪರೀಕ್ಷಕರು ಎದೆಗುಂದಲಿಲ್ಲ. “ಫೇಲಾದ್ರೆ ಪ್ರಮಾಣ ಬದಲಿಸಿ ಮತ್ತೆ ಪರೀಕ್ಷೆ. ಪಾಸಾಗೋವರೆಗೂ ದಿನಾ ನಡೆಯುತ್ತೆ,” ಎಂದು ಘೋಷಿಸಿದರು.

ದಿನಾ ನಡೆಯಿತು. ಎರಡನೆಯ ದಿನ ಚಹಾಪುಡಿ ಕಡಿಮೆಯಾಗಿ ಬಿಸ್ಕತ್ತು ಹೆಚ್ಚಾಯಿತು. ನಾಲ್ಕನೆಯ ದಿನ ಬಾಳೆಹಣ್ಣಿನ ಸಿಪ್ಪೆ ಪ್ರವೇಶಿಸಿತು. ಆರನೆಯ ದಿನ ಅದು ನಿರ್ಗಮಿಸುವ ಹೊತ್ತಿಗೆ ಮಗಳ ಹೊಟ್ಟೆ ಕೆಟ್ಟಿತ್ತು. ಏಳನೆಯ ದಿನ ಅತ್ತೆ ಸೊಸೆಯನ್ನು ಬಳಿಗೆ ಕರೆದು, “ನೋಡೇ, ಇವನು ಪಾಸಾಗೋವರೆಗೆ ನಿಲ್ಸಲ್ಲ. ನಾವು ಸಾಯೋವರೆಗೆ ಪಾಸಾಗಲ್ಲ. ಏನಾದ್ರೂ ಮಾಡು,” ಎಂದರು. ಆ ಮನೆಯಲ್ಲಿ ಅತ್ತೆ ಸೊಸೆ ಒಂದೇ ಮಾತಿಗೆ ಬಂದದ್ದು ಅದೇ ಮೊದಲು.

ಎಂಟನೆಯ ಸಂಜೆ ಪರೀಕ್ಷಕರು ಪಾತ್ರೆ ಇಳಿಸಿ, ಉಗುರು ಸಮೇತ ಶುದ್ಧರಾಗಲು ಎಂದಿನಂತೆ ಸ್ನಾನಕ್ಕೆ ಹೋದರು. ಅವರ ಸ್ನಾನ ಅರ್ಧ ಗಂಟೆಯದು. ಹೆಂಡತಿ ಸಿಪ್ಪೆ ಸೂಪನ್ನು ಹಿತ್ತಲ ಗೋಡೆಯಾಚೆ ಪಕ್ಕದ ಮನೆಯ ದರ್ಜಿಯ ಮೇಕೆಗೆ ಸುರಿದು, ಪಾತ್ರೆ ತೊಳೆದು, ತನ್ನ ಸೂಪನ್ನೇ ಅದಕ್ಕೂ ತುಂಬಿಟ್ಟಳು. ಈಗ ಮೂರು ಬಟ್ಟಲಲ್ಲೂ ಒಂದೇ ಸೂಪು.

ತಾಯಿ ಒಂದು ಎಂದು ಬರೆದರು. ಮಗಳು ಮೂರು ಎಂದಳು. ಹೆಂಡತಿ ಎರಡು ಎಂದಳು. ಪರೀಕ್ಷಕರು ಮೂರು ಚೀಟಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರು, ಮತ್ತೊಮ್ಮೆ ನೋಡಿದರು. ಅವರ ಕಣ್ಣು ತುಂಬಿ ಬಂತು.

“ಪಾಸಾಯ್ತು! ವ್ಯತ್ಯಾಸ ತಿಳಿಯಲಿಲ್ಲ!”

“ಸದ್ಯ, ಮುಗೀತಲ್ಲ,” ಎಂದಳು ಹೆಂಡತಿ.

“ಮುಗಿಯೋದೇನು? ಪಾಸಾದ ಮೇಲೇನೇ ಉತ್ಪಾದನೆ ಶುರು. ನಾಳೆಯಿಂದ ಈ ಮನೆ ಅಡುಗೆ ನಂದು.”

ಬೀಸೋ ದೊಣ್ಣೆ ತಪ್ಪಿಸಿಕೊಳ್ಳಲು ಹೋಗಿ ಆ ಹೆಂಗಸು ಮೈಮೇಲೆ ಗೋಡೆಯನ್ನೇ ಕೆಡವಿಕೊಂಡಿದ್ದಳು. ಅಂದಿನಿಂದ ಆಕೆಗೆ ಎರಡು ಕೆಲಸ. ಮಧ್ಯಾಹ್ನ ನಿಜವಾದ ಅಡುಗೆ ಮಾಡಿ, ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿ ಕೊಳೆಬಟ್ಟೆಯ ಬುಟ್ಟಿಯಲ್ಲಿ ಅಡಗಿಸಿಡಬೇಕು. ಸಂಜೆ ಗಂಡ ಸ್ನಾನಕ್ಕೆ ಹೋದಾಗ ಅದಲು ಬದಲು ಮಾಡಬೇಕು. ಆಮೇಲೆ ಗಂಡನ ಎದುರು ಕೂತು ತನ್ನ ಅಡುಗೆಯನ್ನೇ ಉಣ್ಣುತ್ತ, ಅಡುಗೆ ಹೇಗೆ ಮಾಡಬೇಕು ಎಂಬ ಉಪದೇಶ ಕೇಳಬೇಕು.

“ನೋಡು, ಬಟಾಣಿ ಸಿಪ್ಪೆಗೆ ಎಂಥಾ ಘಮ ಇದೆ! ಇಷ್ಟು ವರ್ಷ ಬಿಸಾಕಿದೀಯಲ್ಲ, ನಿನಗೆ ಒಂದು ದಿನಾನಾದ್ರೂ ಹೊಳೀತಾ?” ಎನ್ನುತ್ತ ಪರೀಕ್ಷಕರು ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದರು. ಮಿತವ್ಯಯ ಶುರುವಾದ ಮೇಲೆ ಮನೆಯಲ್ಲಿ ಸಾಮಾನು ಮೊದಲಿಗಿಂತ ಬೇಗ ಮುಗಿಯುತ್ತಿತ್ತು. ಅದನ್ನು ಇಲಿಗಳ ಲೆಕ್ಕಕ್ಕೆ ಹಾಕಿ ಒಂದು ಬೋನು ತಂದಿಟ್ಟರು. ಎಂಟು ದಿನ ತಿಂದ ದರ್ಜಿಯ ಮೇಕೆ ಒಂಬತ್ತನೆಯ ದಿನದಿಂದ ಸೂಪನ್ನು ಮೂಸಿ ಮುಖ ತಿರುಗಿಸತೊಡಗಿತು. ಆಮೇಲಿನ ಸೂಪೆಲ್ಲ ಹಿತ್ತಲ ಮಣ್ಣಿಗೆ ಹೋಯಿತು, ಅಲ್ಲಿ ಹುಲ್ಲೂ ಹುಟ್ಟಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಒಂದು ಮನೆಯ ಹಣೆಬರಹ ಎಂದು ಬಿಡಬಹುದಿತ್ತು. ಆದರೆ ಪರೀಕ್ಷಕರು ಚೀಟಿಗಳನ್ನು ಕಾರ್ಖಾನೆಗೆ ಒಯ್ದು ಮ್ಯಾನೇಜರ ಮೇಜಿನ ಮೇಲೆ ಹರಡಿದರು. ಅರ್ಜಿಯ ಆ ಎರಡು ಪದ ಅವರ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ಬಟ್ಟಲು ಇಡುವವನು ಎನ್ನಿಸಿಕೊಂಡು ಸಾಯುವುದಿಲ್ಲ ಎಂದು ಅವರು ನಿಶ್ಚಯಿಸಿಬಿಟ್ಟಿದ್ದರು.

ಮ್ಯಾನೇಜರು ಅಗ್ಗ ಎಂಬ ಮಾತು ಕಿವಿಗೆ ಬಿದ್ದರೆ ನಿದ್ದೆಯಲ್ಲೂ ಎದ್ದು ಕೂರುವ ಮನುಷ್ಯ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇನ್ನೂರು ಜನ ಉಣ್ಣುತ್ತಿದ್ದರು, ಮತ್ತು ಅವರು ಉಣ್ಣುವುದನ್ನು ಕಂಡರೆ ಮ್ಯಾನೇಜರಿಗೆ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು.

“ಸಿಪ್ಪೆಯಿಂದ ಊಟಾನಾ? ಗೊತ್ತೇ ಆಗಲ್ವಾ?”

“ಮೂರಕ್ಕೆ ಮೂರು ಚೀಟಿ ಸಾರ್.”

“ನಾಳೆ ಸಂಜೆ ನಿಮ್ಮ ಮನೆಗೆ ಬರ್ತೀನಿ.”

ಮ್ಯಾನೇಜರು ಊಟಕ್ಕೆ ಬರುವ ಸುದ್ದಿ ಕೇಳಿ ಹೆಂಡತಿಯ ಜೀವ ಹಾರಿತು. ಸಿಪ್ಪೆ ಸೂಪು ಆ ಮನುಷ್ಯನ ಬಾಯಿಗೆ ಬಿದ್ದರೆ ಗಂಡನ ಕೆಲಸ ಉಳಿಯುತ್ತದೆಯೇ? ಇದೊಂದು ಸಲ ಮರ್ಯಾದೆ ಉಳಿಸಿಬಿಡೋಣ ಎಂದುಕೊಂಡಳು. ಆದರೆ ಮ್ಯಾನೇಜರು ಹೇಳಿದ ಹೊತ್ತಿಗಿಂತ ಒಂದು ಗಂಟೆ ಮೊದಲೇ ಬಂದು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಅತಿಥಿಯನ್ನು ಬಿಟ್ಟು ಪರೀಕ್ಷಕರು ಸ್ನಾನಕ್ಕೆ ಹೋಗುವಂತಿರಲಿಲ್ಲ. ಪಾತ್ರೆ ಕುದಿಯುತ್ತಿತ್ತು, ನಿಜವಾದ ಸೂಪು ಕೊಳೆಬಟ್ಟೆಯ ಬುಟ್ಟಿಯಲ್ಲಿತ್ತು, ಮಧ್ಯೆ ಮ್ಯಾನೇಜರಿದ್ದರು. ಸೊಸೆ ಅತ್ತೆಯ ಮುಖ ನೋಡಿದಳು.

“ಅಯ್ಯೋ, ಎದೆ! ಎದೆ ಹಿಡ್ಕೊಳ್ತಪ್ಪೋ!” ಎಂದು ಅತ್ತೆ ಹೊರಗಿನ ಕೋಣೆಯಲ್ಲಿ ದೊಪ್ಪನೆ ಮಂಚಕ್ಕೆ ಒರಗಿದರು.

ಪರೀಕ್ಷಕರು ಓಡಿದರು, ಮ್ಯಾನೇಜರೂ ಓಡಿದರು. ಒಬ್ಬರು ಗಾಳಿ ಬೀಸಿದರು, ಇನ್ನೊಬ್ಬರು ಅಂಗಾಲು ತಿಕ್ಕಿದರು. ಮುದುಕಿ ಒಂದು ಕಣ್ಣನ್ನು ಅಡುಗೆಮನೆಯ ಕಡೆಗೇ ಇಟ್ಟು ನರಳುತ್ತಿದ್ದರು. ಸೊಸೆ ಬಾಗಿಲಿಗೆ ಬಂದು ಸೆರಗಿನಿಂದ ಕೈ ಒರೆಸಿಕೊಂಡದ್ದೇ ತಡ, ಎದ್ದು ಕೂತರು. “ಈಗ ಪರವಾಗಿಲ್ಲ. ಹಸಿವಿಗೆ ಹಾಗಾಗಿತ್ತು. ಬಡಿಸೇ.”

ಮ್ಯಾನೇಜರು ಮೂರು ಬಟ್ಟಲು ಕುಡಿದರು. ನಾಲ್ಕನೆಯದನ್ನು ಬೆರಳಲ್ಲಿ ಬಳಿದು ನೆಕ್ಕಿದರು. “ಸಿಪ್ಪೆ! ಬರೀ ಸಿಪ್ಪೆ! ಏನ್ರೀ ನೀವು ಬಟ್ಟಲು ಇಟ್ಕೊಂಡು ಕೂತಿದ್ದೀರಿ? ಸೋಮವಾರ ಕ್ಯಾಂಟೀನಲ್ಲಿ ದೊಡ್ಡ ಪರೀಕ್ಷೆ ಮಾಡಿ. ಪಾಸಾದ್ರೆ ನೀವೇ ಕ್ಯಾಂಟೀನ್ ಮೇಲ್ವಿಚಾರಕರು. ಆ ಅಡುಗೆಯವನನ್ನ ಅವತ್ತೇ ಮನೆಗೆ ಕಳಿಸ್ತೀನಿ. ಅವನು ಒಂದು ಹೂಕೋಸು ಸಾಕಾದಲ್ಲಿ ಎರಡು ಹಾಕ್ತಾನೆ.”

ಮೇಲ್ವಿಚಾರಕರು! ಪರೀಕ್ಷಕರು ಆ ರಾತ್ರಿ ಮಗಳಿಂದ ಹೊಸ ಅರ್ಜಿ ತರಿಸಿ ಆ ಪದವನ್ನು ಬರೆಯಲು ಜಾಗ ಸಾಲುತ್ತದೆಯೇ ಎಂದು ಅಳೆದರು. ಹೆಂಡತಿ ಮಾತ್ರ ತಟ್ಟೆಯನ್ನು ಅರ್ಧಕ್ಕೇ ಸರಿಸಿ ಎದ್ದಳು. ಅಡುಗೆಯವನೊಬ್ಬ ಮನೆಗೆ ಹೋಗುತ್ತಾನೆ ಎಂಬುದು ಅವಳ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ.

ಎರಡು ದಿನ ಕಳೆದು ಆ ಅಡುಗೆಯವನೇ ಮನೆಗೆ ಬಂದ. ಪರೀಕ್ಷಕರು ಕಾರ್ಖಾನೆಯಲ್ಲಿದ್ದ ಹೊತ್ತು. ಇಪ್ಪತ್ತಾರು ವರ್ಷ ಇನ್ನೂರು ಜನಕ್ಕೆ ಬಡಿಸಿದ ಮನುಷ್ಯ, ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ನಿಂತು ಒಳಗೆ ಬರಲು ಹಿಂಜರಿದ.

“ತಪ್ಪು ತಿಳೀಬೇಡಿ ಅಮ್ಮಾ. ನಿಮ್ಮ ಯಜಮಾನ್ರು ಏನೋ ಹೊಸ ಅಡುಗೆ ಕಂಡುಹಿಡಿದ್ರಂತೆ. ನನಗೂ ಹೇಳ್ಕೊಟ್ರೆ, ಅಡುಗೆಯವ ಅಂತ ಅಲ್ದಿದ್ರೂ ಪಾತ್ರೆ ತೊಳೆಯೋಕಾದ್ರೂ ಇಟ್ಕೋಬಹುದು. ಈ ವಯಸ್ಸಲ್ಲಿ ಬೇರೆ ಯಾರು ಕರೀತಾರೆ?”

ಹೆಂಡತಿ ಅವನನ್ನು ಒಳಗೆ ಕರೆದು ಕೂರಿಸಿ ಒಂದು ಬಟ್ಟಲು ಸೂಪು ಕೊಟ್ಟಳು. ಅವನು ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ.

“ಹೂಕೋಸಿನ ದಂಟು, ನಾರು ತೆಗೆದಿದೀರಿ. ಕಾಳಿನ ಕಟ್ಟು. ಬ್ರೆಡ್ಡಿನ ಪುಡಿ, ಒಣಗಿಸಿ ಹಾಕಿದ್ದು. ಸಿಪ್ಪೆ ಎಲ್ಲಿದೆಯಮ್ಮಾ ಇದರಲ್ಲಿ?”

ಮೂವರು ಮನೆಯವರು, ಒಬ್ಬ ಮ್ಯಾನೇಜರು, ಮೂರು ಚೀಟಿಗಳು ಹೇಳದ್ದನ್ನು ಆ ಮನುಷ್ಯ ಒಂದು ಗುಟುಕಿನಲ್ಲಿ ಹೇಳಿಬಿಟ್ಟ. ಹೆಂಡತಿಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಎನ್ನಿಸಿತು. “ಇದು ನನ್ನ ತಪ್ಪಣ್ಣಾ. ನಾನೇ ಸರಿಮಾಡ್ತೀನಿ,” ಎಂದಳು.

ಅಂದು ಸಂಜೆ ಗಂಡ ಕೋಟು ಬಿಚ್ಚುವ ಮೊದಲೇ ಎಲ್ಲವನ್ನೂ ಹೇಳಿದಳು. ಬುಟ್ಟಿ, ಕಂಬಳಿ, ಸ್ನಾನ, ಮೇಕೆ, ಅತ್ತೆಯ ಎದೆನೋವು, ಒಂದನ್ನೂ ಬಿಡಲಿಲ್ಲ. ಪರೀಕ್ಷಕರು ತಾಳ್ಮೆಯಿಂದ ಕೇಳಿ, ಮರುಕದಿಂದ ನಕ್ಕರು.

“ಹೊಟ್ಟೆಕಿಚ್ಚು ಅನ್ನೋದು ಯಾರನ್ನೂ ಬಿಡಲ್ಲ ನೋಡು. ಪರವಾಗಿಲ್ಲ, ನನಗೆ ಬೇಜಾರಿಲ್ಲ.”

“ಹೊಟ್ಟೆಕಿಚ್ಚೇ? ಪಕ್ಕದ ಮನೆಯವ್ರನ್ನ ಕೇಳಿ ಬೇಕಾದ್ರೆ!”

ದರ್ಜಿಯನ್ನು ಕರೆಸಲಾಯಿತು. ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಬಂದ ಅವನು ಸಾಕ್ಷಿ ನುಡಿದ. “ಹೌದು, ದಿನಾ ಸುರೀತಿದ್ರು. ಎಂಟು ದಿನ ತಿಂತು. ಒಂಬತ್ತನೇ ದಿನದಿಂದ ಬಾಯಿ ಹಾಕಿಲ್ಲ. ನನ್ನ ಮೇಕೆ ಗುಂಡಿ, ನೂಲುಂಡೆ, ಕತ್ತರಿಸಿದ ಬಟ್ಟೆ ಎಲ್ಲಾ ತಿನ್ನುತ್ತೆ. ಇದನ್ನ ಮುಟ್ಟಲಿಲ್ಲ.”

“ಮೇಕೆ ತರಬೇತಿ ಪಡೆದ ಪರೀಕ್ಷಕ ಅಲ್ಲ,” ಎಂದರು ಪರೀಕ್ಷಕರು. “ಚೀಟಿಗೆ ಸಹಿ ಹಾಕಿದೆಯಾ ಅದು?”

“ಇಲ್ಲ.”

“ಇವರು ಹಾಕಿದ್ದಾರೆ.” ಚೀಟಿಗಳ ಕಟ್ಟನ್ನು ಹೆಂಡತಿಯ ಮುಂದೆ ಹಿಡಿದರು. “ನಿನ್ನದೇ ಸಹಿ ತಾನೆ? ಇದನ್ನ ನಂಬಲೋ, ನಿನ್ನ ಬಾಯಿಮಾತು ನಂಬಲೋ?”

“ನಾನು ಬದಲಿಸೋ ಮೊದಲು ಒಂದು ಚಮಚ ಬಾಯಿಗೆ ಹಾಕ್ಕೊಂಡು ನೋಡಿ ಮಹಾರಾಯರೇ!”

“ನಿಯಮ ಇಲ್ಲ. ಸೋಮವಾರದ ಪರೀಕ್ಷೆಗೆ ಇದು ಮತ್ತೆ ಮಾದರಿ.”

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕೋಣವಾದರೂ ಕಿವಿ ಅಲ್ಲಾಡಿಸುತ್ತದೆ, ಇವರು ಅದನ್ನೂ ಮಾಡಲಿಲ್ಲ. ಸರಿ, ಸೋಮವಾರ ಇನ್ನೂರು ನಾಲಿಗೆ ಒಟ್ಟಿಗೆ ಥೂ ಎಂದಾಗ ತಾನೇ ತಿಳಿಯುತ್ತದೆ, ಅಡುಗೆಯವನ ಕೆಲಸವೂ ಉಳಿಯುತ್ತದೆ ಎಂದು ಹೆಂಡತಿ ಸಮಾಧಾನ ತಂದುಕೊಂಡಳು. ಪಾಪ, ಅವಳು ಕಾರ್ಖಾನೆಯಲ್ಲಿ ಕೆಲಸ ಮಾಡಿದವಳಲ್ಲ.

ಸೋಮವಾರ ಕ್ಯಾಂಟೀನಿನ ಉದ್ದ ಬೆಂಚುಗಳ ಮೇಲೆ ಇನ್ನೂರು ಜನ ಕೂತರು. ಒಬ್ಬೊಬ್ಬರ ಮುಂದೆ ಮೂರು ಬಟ್ಟಲು. ಎರಡರಲ್ಲಿ ಅಡುಗೆಯವ ಮಾಡಿದ್ದು, ಒಂದರಲ್ಲಿ ಪರೀಕ್ಷಕರು ಬೆಳಗಿನ ಜಾವ ಎದ್ದು ದೊಡ್ಡ ಹಂಡೆಯಲ್ಲಿ ಕುದಿಸಿದ್ದು. ಆದರ್ಶ ಕುಟುಂಬವೆಂದು ಪರೀಕ್ಷಕರ ತಾಯಿ, ಹೆಂಡತಿ, ಮಗಳನ್ನು ಮುಂದಿನ ಸಾಲಿನ ಕುರ್ಚಿಗಳಲ್ಲಿ ಕೂರಿಸಿದ್ದರು. ಅಡುಗೆಯವ ತನ್ನ ಪಾತ್ರೆಯ ಪಕ್ಕದಲ್ಲಿ ಸೌಟು ಹಿಡಿದು, ತನ್ನ ಮನೆಗೇ ಬಂದ ನೆಂಟನಂತೆ ಮುದುಡಿ ನಿಂತಿದ್ದ.

ಮ್ಯಾನೇಜರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. “ಈ ಸೂಪು ಪಾಸಾಗಿದೆ ಅಂತ ಯಜಮಾನರಿಗೆ ನಾನು ಆಗಲೇ ಬರೆದಾಗಿದೆ. ಆದರೂ ನಿಮ್ಮ ಅಭಿಪ್ರಾಯ ನಮಗೆ ಬಹಳ ಮುಖ್ಯ. ಯಾರಿಗಾದರೂ ವ್ಯತ್ಯಾಸ ಕಂಡುಬಂದರೆ ಧಾರಾಳವಾಗಿ ಬರೀರಿ. ಹೆಸರು, ವಿಭಾಗ, ಎಷ್ಟು ವರ್ಷದಿಂದ ಕೆಲಸದಲ್ಲಿದ್ದೀರಿ, ಮುಂದೂ ಇರಬೇಕು ಅಂತ ಇದೆಯಾ, ಎಲ್ಲಾ ಸ್ಪಷ್ಟವಾಗಿ ಬರೀರಿ.”

ಇನ್ನೂರು ಚಮಚಗಳು ಬಟ್ಟಲಿಗೆ ಇಳಿದು ಬಾಯಿಗೆ ಏರಿದವು. ಹಿಟ್ಟು ಕಲಸುವ ವಿಭಾಗದ ದೈತ್ಯನೊಬ್ಬನ ಕಣ್ಣಿಂದ ನೀರು ಸುರಿಯಿತು. ಪ್ಯಾಕಿಂಗ್ ವಿಭಾಗದ ಹೆಂಗಸು ಕೆಮ್ಮುವ ನೆಪದಲ್ಲಿ ಕರವಸ್ತ್ರಕ್ಕೆ ಏನನ್ನೋ ಒಪ್ಪಿಸಿದಳು. ಆಮೇಲೆ ಇನ್ನೂರು ಪೆನ್ಸಿಲ್ಲುಗಳು ಒಂದೇ ಸಮನೆ ಓಡಿದವು. ಇನ್ನೂರು ಚೀಟಿಗಳಲ್ಲೂ ಒಂದೇ ಮಾತು: ವ್ಯತ್ಯಾಸ ತಿಳಿಯಲಿಲ್ಲ. ಹೊಟ್ಟೆಪಾಡು ಎಂಬುದು ನಾಲಿಗೆಯನ್ನು ಎಷ್ಟು ಚೆನ್ನಾಗಿ ತರಬೇತುಗೊಳಿಸುತ್ತದೆ ಎಂದು ತಿಳಿಯಬೇಕಾದವರು ಅಂದು ಆ ಕ್ಯಾಂಟೀನಿನಲ್ಲಿರಬೇಕಿತ್ತು.

ಮ್ಯಾನೇಜರು ತಾವೂ ಒಂದು ಚಮಚ ಬಾಯಿಗೆ ಹಾಕಿಕೊಂಡರು. ಅವರ ಕೆನ್ನೆ ಎರಡು ಸಲ ಕುಣಿಯಿತು, ಕಿವಿ ಕೆಂಪಾಯಿತು. ಆದರೆ ಬರೆದ ಕಾಗದ ಯಜಮಾನರ ಮೇಜು ಸೇರಿಯಾಗಿತ್ತು. “ಭೇಷ್,” ಎಂದರು, ಧ್ವನಿ ಎಲ್ಲಿಂದ ಬಂತೋ ತಿಳಿಯಲಿಲ್ಲ.

ಹೆಂಡತಿ ಬೆಂಚಿನಿಂದ ಬೆಂಚಿಗೆ ನೋಡಿದಳು. ಪ್ರತಿ ಮುಖದಲ್ಲೂ ಅವಳಿಗೆ ತನ್ನದೇ ಮುಖ ಕಂಡಿತು. ತಾನು ಊಟದ ಮೇಜಿನಲ್ಲಿ ಮಾಡಿದ್ದನ್ನೇ ಇವರು ಇಲ್ಲಿ ಮಾಡುತ್ತಿದ್ದರು. ಅವಳಿಗೆ ಸಿಟ್ಟು ನೆತ್ತಿಗೇರಿತು, ಗಂಡನ ಮೇಲೆ ಎಷ್ಟೋ ತನ್ನ ಮೇಲೂ ಅಷ್ಟೇ.

ಮ್ಯಾನೇಜರು ಪರೀಕ್ಷಕರ ಕೈ ಕುಲುಕಿದರು. “ಇವತ್ತಿಂದ ನೀವು ಮೇಲ್ವಿಚಾರಕರು. ಏನಪ್ಪಾ ಅಡುಗೆಯವನೇ, ಸೌಟು ಇವರ ಕೈಗೆ ಕೊಡು.”

ಅಡುಗೆಯವ ಸೌಟನ್ನು ಬಟ್ಟೆಯಲ್ಲಿ ಒರೆಸಿ ಕೊಟ್ಟ. ಕೊಟ್ಟು, ಗೋಡೆಯ ಕಡೆ ಕೈ ತೋರಿಸಿ ಮೆಲ್ಲಗೆ ಹೇಳಿದ, “ಸಾರ್, ಅಲ್ಲೊಂದು ಆದೇಶ ಇದೆ. ಕ್ಯಾಂಟೀನ್ ಜವಾಬ್ದಾರಿ ಹೊತ್ತವರು ಜನರ ಮುಂದೆ ಮೊದಲ ತಟ್ಟೆ ಊಟ ಮಾಡಬೇಕು ಅಂತ. ಇಪ್ಪತ್ತಾರು ವರ್ಷ ನಾನು ಮಾಡಿದೀನಿ.”

ನಿಯಮ ಎಂದ ಮೇಲೆ ಪರೀಕ್ಷಕರಿಗೆ ವೇದವಾಕ್ಯ. ಮಾದರಿಯ ಹಂತ ಮುಗಿದಿದೆ, ಇನ್ನು ರುಚಿ ನೋಡಲು ಅಡ್ಡಿಯಿಲ್ಲ. ಕೋಟಿನ ಗುಂಡಿ ಹಾಕಿಕೊಂಡು ಕೂತರು. ಅಡುಗೆಯವ ಹಂಡೆಯಿಂದ ತಟ್ಟೆ ತುಂಬ ಸಿಪ್ಪೆ ಸೂಪು ತಂದಿಟ್ಟ. ಪರೀಕ್ಷಕರು ಎಲ್ಲರನ್ನೂ ನೋಡಿ ಮುಗುಳ್ನಕ್ಕು, ದೊಡ್ಡ ಚಮಚ ತುಂಬಿಸಿ ಬಾಯಿಗೆ ಹಾಕಿಕೊಂಡರು.

ಮುಗುಳ್ನಗೆ ಇದ್ದಲ್ಲೇ ಉಳಿಯಿತು, ಅದರ ಹಿಂದಿನ ಮುಖ ಬದಲಾಯಿತು. ಚಹಾದ ಒಗರು, ಬಿಸ್ಕತ್ತಿನ ಸಿಹಿ, ಮಣ್ಣಿನ ವಾಸನೆ, ಹಲ್ಲಿಗೆ ಸುತ್ತಿಕೊಳ್ಳುವ ನಾರು ಎಲ್ಲ ಒಟ್ಟಿಗೆ ನುಗ್ಗಿದವು. ಬುಟ್ಟಿ, ಕಂಬಳಿ, ಮೇಕೆ, ಹೆಂಡತಿ ಹೇಳಿದ್ದೆಲ್ಲ ಒಂದೊಂದಾಗಿ ನಿಜವಾಗಿ ಗಂಟಲಲ್ಲಿ ಇಳಿಯಿತು. ಈಗ ಒಂದು ಮಾತು ಹೇಳಿದರೆ ಅಡುಗೆಯವನ ಕೆಲಸ ಉಳಿಯುತ್ತಿತ್ತು, ಮೇಲ್ವಿಚಾರಕರ ಪದವಿ ಹೋಗುತ್ತಿತ್ತು.

“ಉಗಿಯೋ ಮಗನೇ, ಉಗಿ! ನಾವ್ಯಾರೂ ನೋಡಲ್ಲ!” ಎಂದು ತಾಯಿ ಮುಂದಿನ ಸಾಲಿನಿಂದ ಕೂಗಿದರು.

ಪರೀಕ್ಷಕರು ಕಣ್ಣು ಮುಚ್ಚಿ ನುಂಗಿದರು. ಕಣ್ಣು ತೆರೆದು, “ವ್ಯತ್ಯಾಸ ತಿಳಿಯಲಿಲ್ಲ,” ಎಂದರು.

ಮ್ಯಾನೇಜರು ಚಪ್ಪಾಳೆ ತಟ್ಟಿದರು. ಇನ್ನೂರು ಜನ ತಟ್ಟಿದರು. ಅಡುಗೆಯವ ಟೋಪಿ ತೆಗೆದು ಬಾಗಿಲ ಕಡೆ ಹೊರಟ.

“ನಿಲ್ಲಣ್ಣಾ,” ಎಂದಳು ಹೆಂಡತಿ.

ಎದ್ದು ಹೋಗಿ ಗಂಡನ ಕೈಯಿಂದ ಸೌಟು ಕಿತ್ತುಕೊಂಡಳು. ಅಡುಗೆಯವನ ಪಾತ್ರೆಯ ಮುಚ್ಚಳ ತೆಗೆದಳು. ಮುಕ್ಕಾಲು ಪಾತ್ರೆ ಇನ್ನೂ ಹಾಗೇ ಇತ್ತು, ಹಬೆ ಎದ್ದು ಬೆಂಚುಗಳ ಕಡೆಗೆ ನಡೆಯಿತು.

“ಎಲ್ಲಾ ಕೇಳಿ. ನಾನೂ ಸುಳ್ಳು ಚೀಟಿ ಬರೆದಿದೀನಿ, ಯಾರನ್ನೂ ಬಯ್ಯೋ ಯೋಗ್ಯತೆ ನನಗಿಲ್ಲ. ಆ ಹಂಡೇಲಿರೋದು ಇವರು ಮಾಡಿದ್ದು, ಇದು ಈ ಅಣ್ಣ ಮಾಡಿದ್ದು. ವ್ಯತ್ಯಾಸ ತಿಳಿಯದವರು ಕೂತಲ್ಲೇ ಕೂತು ಅದನ್ನೇ ಊಟ ಮಾಡಿ. ತಿಳಿದವರು ತಟ್ಟೆ ತಗೊಂಡು ಈ ಕಡೆ ಬನ್ನಿ. ಹೆಸರು ಬರೀಬೇಕಾಗಿಲ್ಲ.”

ಮೊದಲು ಎದ್ದದ್ದು ಪರೀಕ್ಷಕರ ತಾಯಿ. “ನನಗೆ ಪಿಂಚಣಿ ಇದೆ, ಯಾರಪ್ಪನ ಭಯ?” ಎನ್ನುತ್ತ ಕೋಲೂರಿಕೊಂಡು ಹೋಗಿ ತಟ್ಟೆ ಒಡ್ಡಿದರು. ಹಿಂದೆಯೇ ಮೊಮ್ಮಗಳು ಹೋದಳು. ಆಮೇಲೆ ಹಿಟ್ಟು ಕಲಸುವ ದೈತ್ಯ ಎದ್ದ. ಅವನು ಎದ್ದಾಗ ಬೆಂಚೇ ಅವನ ಜೊತೆ ಎದ್ದಿತು. ಅಷ್ಟೇ, ಇನ್ನೂರು ಜನರ ಬೆಂಚುಗಳು ನೆಲಕ್ಕೆ ಉಜ್ಜಿದ ಸದ್ದಿಗೆ ಕಿಟಕಿಗಳು ಅದುರಿದವು. ಅಡುಗೆಯವ ಟೋಪಿ ಹಾಕಿಕೊಂಡು ಬಡಿಸಲು ನಿಂತ.

ಮ್ಯಾನೇಜರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಇನ್ನೂರು ಜನರನ್ನು ಒಂದೇ ದಿನ ಮನೆಗೆ ಕಳಿಸಿದರೆ ಬಿಸ್ಕತ್ತು ಯಾರು ಸುಡುತ್ತಾರೆ? ಅದಲ್ಲದೆ ಬಾಯಲ್ಲಿ ಇನ್ನೂ ಆ ನಾರಿತ್ತು. ಸದ್ದಿಲ್ಲದೆ ಎದ್ದು ಸಾಲಿನ ಕೊನೆಯಲ್ಲಿ ತಟ್ಟೆ ಹಿಡಿದು ನಿಂತರು. ಸರದಿ ಬಂದಾಗ ಅಡುಗೆಯವನ ಕಿವಿಯ ಬಳಿ ಬಗ್ಗಿ, “ನಾಳೆ ಹೊತ್ತಿಗೆ ಸರಿಯಾಗಿ ಬಾರಯ್ಯಾ. ಒಂದು ಸೌಟು ಜಾಸ್ತಿ ಹಾಕು,” ಎಂದರು. ಯಜಮಾನರಿಗೆ ಬರೆದ ಕಾಗದದ ಬಗ್ಗೆ ಇನ್ನೊಂದು ಕಾಗದ ಬರೆದರಾಯಿತು. ಅದರಲ್ಲಿ ತಪ್ಪು ಯಾರ ತಲೆಗೆ ಕಟ್ಟಬೇಕೆಂದು ಅವರು ಸಾಲಿನಲ್ಲಿ ನಿಂತಾಗಲೇ ಯೋಚಿಸಿಯಾಗಿತ್ತು.

ಇತ್ತ ಖಾಲಿ ಬೆಂಚುಗಳ ನಡುವೆ ಕೂತಿದ್ದವರು ಪರೀಕ್ಷಕರೊಬ್ಬರೇ. ಈಗ ತಾನೇ ಇನ್ನೂರು ಜನರ ಮುಂದೆ ವ್ಯತ್ಯಾಸ ತಿಳಿಯಲಿಲ್ಲ ಎಂದವರು ಎದ್ದು ಆ ಕಡೆ ಹೋಗುವುದು ಹೇಗೆ? ಬೆನ್ನು ನೆಟ್ಟಗೆ ಮಾಡಿಕೊಂಡು ಎರಡನೆಯ ಚಮಚ ತುಂಬಿಸಿದರು, ಮೂರನೆಯದು ತುಂಬಿಸಿದರು. ಹಣೆಯಿಂದ ಬೆವರು ತಟ್ಟೆಗೆ ತೊಟ್ಟಿಕ್ಕಿತು, ಅದರಿಂದ ಸೂಪಿಗೆ ಕೊಂಚ ಉಪಕಾರವೇ ಆಗಿರಬೇಕು. ಅತ್ತ ಜನ ನಗುತ್ತ, ಮಾತಾಡುತ್ತ, ತಟ್ಟೆ ನೆಕ್ಕುತ್ತ ಇದ್ದರು. ಇತ್ತ ಇವರು ಕೊನೆಯ ನಾರಿನವರೆಗೆ ಮರ್ಯಾದೆಯನ್ನು ನುಂಗಿ ತಟ್ಟೆ ಬರಿದು ಮಾಡಿದರು.

ಎಲ್ಲರಿಗೂ ಬಡಿಸಿ ಮುಗಿಸಿದ ಅಡುಗೆಯವ ಹಂಡೆಯಿಂದ ಒಂದು ಸೌಟು ಸಿಪ್ಪೆ ಸೂಪು ತುಂಬಿಕೊಂಡು ಬಂದು ಅವರ ಮುಂದೆ ಬಗ್ಗಿ ನಿಂತ. ಅವನ ಮುಖದಲ್ಲಿ ಕುಚೋದ್ಯವಿರಲಿಲ್ಲ. ಇಪ್ಪತ್ತಾರು ವರ್ಷ ಖಾಲಿ ತಟ್ಟೆ ಕಂಡಾಗಲೆಲ್ಲ ಕೇಳಿದ್ದನ್ನೇ ಇವರನ್ನೂ ಕೇಳಿದ.

“ಇನ್ನೊಂದು ಸ್ವಲ್ಪ ಹಾಕ್ಲಾ ಸಾರ್?”

ಪರೀಕ್ಷಕರು ಎರಡೂ ಕೈಗಳನ್ನು ತಟ್ಟೆಯ ಮೇಲೆ ಅಡ್ಡ ಹಿಡಿದರು.

“ಬೇಡಪ್ಪಾ,” ಎಂದರು. ಅಂದು ಅವರ ಬಾಯಿಂದ ಬಂದ ಸತ್ಯ ಅದೊಂದೇ.